ಚೆಲ್ಲಿಹೋದ ಮಳೆಯ ಲೆಕ್ಕ

ಜನವರಿ ೧೨, ಭಾನುವಾರ

ಬನ್ನಿ ಬನ್ನಿ, ಮಹಾಜನಗಳೇ! ಮುಂದಿನ ಚಾಪೆಯಲ್ಲಿ ಕೂತ ಮಕ್ಕಳೇ, ಹಿಂದೆ ಟ್ರ್ಯಾಕ್ಟರ್ ಏರಿ ಶಿಳ್ಳೆ ಹೊಡೆಯುತ್ತಿರುವ ಯುವಕರೇ, ಎಲೆಯಡಿಕೆ ಮೆಲ್ಲುತ್ತ ‘ಇನ್ನೂ ಶುರುವಾಗಲಿಲ್ವಾ’ ಎಂದು ಗೊಣಗುತ್ತಿರುವ ಅಜ್ಜಿಯರೇ! ಸದ್ದು ಮಾಡಬೇಡಿ, ಪರದೆ ಏಳುತ್ತಿದೆ! ಇಗೋ ರಂಗಕ್ಕೆ ಬರುತ್ತಿದ್ದಾನೆ, ಆಲೂರು ಸೀಮೆಯ ನಟ ಕುಳ್ಳಯ್ಯನವರ ಸುಪುತ್ರ, ಕುಲತಿಲಕ, ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಡಾ. ಯೋಗೇಶ್!

ಸಭೆ ಎಂದರೆ ಇಲ್ಲಿ ಒಂದು ಮಂಚ, ಒಂದು ಟ್ರಂಕು, ಗೋಡೆಯ ಮೇಲೊಂದು ಹಲ್ಲಿ. ಈ ದಿನಚರಿಯನ್ನು ಇನ್ನಾರೂ ಓದುವುದಿಲ್ಲ. ಆದರೇನು, ನಾಟಕದ ಮನೆಯಲ್ಲಿ ಹುಟ್ಟಿದವನಿಗೆ ಮೆಲ್ಲಗೆ ಬರೆಯಲೂ ಬರುವುದಿಲ್ಲ.

ನಡೆದದ್ದನ್ನು ಕೇಳಿ. ಪಿಎಚ್‌ಡಿ ಮುಗಿಯಿತು, ಫೆಲೋಶಿಪ್ ನಿಂತಿತು, ಮೈಸೂರಿನ ರೂಮು ಖಾಲಿ ಮಾಡಿ ಊರಿಗೆ ಬಂದೆ. ಇನ್ನು ಬೇಕಾಗಿರುವುದು ಪೋಸ್ಟ್‌ಡಾಕ್. ಯಾವುದಾದರೂ ದೊಡ್ಡ ವಿಜ್ಞಾನಿಯ ತಂಡ ಸೇರಿ ಎರಡು ವರ್ಷ ಸಂಶೋಧನೆ ಮಾಡುವ ಕೆಲಸ. ಅದಾಗದೆ ನಮ್ಮ ಕಡೆಯ ಯಾವ ಸಂಸ್ಥೆಯೂ ಮುಂದಿನ ಮೆಟ್ಟಿಲು ಹತ್ತಿಸುವುದಿಲ್ಲ. ಅಪ್ಪನಿಗೆ ಇದು ತಲೆಗೆ ಹೋಗಲೊಲ್ಲದು.

“ಡಾಕ್ಟ್ರು ಆದ್ಮೇಲೂ ಇನ್ನೊಬ್ರ ಕೈಕೆಳಗಾ? ಅದ್ಯಾವ ಸೀಮೆ ಓದ್ಲಾ ಇದು?” ಅಂದರು.

“ಸೇನಾಪತಿ ಪಾತ್ರ ಮಾಡಿ ಸೈ ಅನ್ನಿಸ್ಕೊಂಡ ಮೇಲೆ ತಾನೇ ಅಪ್ಪ ನಿಂಗೆ ರಾಜನ ಪಾತ್ರ ಕೊಟ್ಟಿದ್ದು?” ಅಂದೆ.

“ಹಂಗನ್ನು ಮತ್ತೆ!” ಎಂದು ತೊಡೆ ತಟ್ಟಿದರು. ಅಪ್ಪ ಎಸ್ಟೇಟಿನಲ್ಲಿ ಪಂಪ್ ನೋಡಿಕೊಳ್ಳುವವರು. ಆದರೆ ವರ್ಷಕ್ಕೊಂದು ರಾತ್ರಿ ಊರ ನಾಟಕದಲ್ಲಿ ಮಹಾರಾಜ ಪ್ರಚಂಡಸೇನ. ಉಳಿದ ದಿನಗಳಲ್ಲೂ ಅರ್ಧ ಮಹಾರಾಜ.

ಕಳಿಸಿದ ಅರ್ಜಿಗಳಿಗೆ ಬಂದ ಉತ್ತರಗಳೆಲ್ಲ ಒಂದೇ ಅಚ್ಚಿನವು. ಬಹಳ ಒಳ್ಳೆಯ ಅರ್ಜಿಗಳು ಬಂದಿದ್ದವು, ವಿಷಾದಿಸುತ್ತೇವೆ. ಕೆಲವರು ವಿಷಾದಿಸಲೂ ಇಲ್ಲ. ಆದರೆ ಇಂದು, ಮಹಾಜನಗಳೇ, ಇಂದು! ನಾರ್ವೆ ದೇಶದ ಪ್ರೊಫೆಸರ್ ಇಂಗ್ರಿಡ್ ಎಂಬ ಮಹಾತಾಯಿ ಸಂದರ್ಶನಕ್ಕೆ ಕರೆದಿದ್ದಾರೆ! ಅವರ ಊರಲ್ಲೂ ನಮ್ಮ ಬಿಸಿಲೆ ಘಾಟಿಯ ಹಾಗೆ ಮಳೆ ಹಿಡಿದರೆ ಬಿಡುವುದಿಲ್ಲವಂತೆ. ನನ್ನ ಪ್ರಬಂಧವೂ ಮಳೆಯದೇ. ಈ ಗುಡ್ಡಗಳ ಕಾಫಿ ಎಸ್ಟೇಟುಗಳು ತಲೆಮಾರುಗಳಿಂದ ಬರೆದಿಟ್ಟ ಮಳೆಯ ಅಂಕಿಗಳನ್ನು ಒಟ್ಟುಮಾಡಿ, ಅತಿ ದೊಡ್ಡ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಬಂದರೆ ಘಟ್ಟದ ರೈಲು ಹಳಿಯ ಮೇಲೆ ಗುಡ್ಡ ಜಾರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿದವನು ನಾನು.

ಜಯಘೋಷ ಆಗಲಿ. ಹಲ್ಲಿಯಾದರೂ ಲೊಚಗುಟ್ಟಲಿ.

ಜನವರಿ ೨೧, ಮಂಗಳವಾರ

ಮೂರು ದಿನದಲ್ಲಿ ಸಂದರ್ಶನ. ಅಪ್ಪ ತಾಲೀಮು ಮಾಡಿಸುತ್ತಿದ್ದಾರೆ. ಇಂಗ್ಲಿಷ್ ಅವರಿಗೆ ಬಾರದು. ಆದರೆ ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಕೈಯಲ್ಲೇ ತೋರಿಸುತ್ತಾರೆ.

“ಮಾತು ಮರ್ತೋದ್ರೆ ನಿಲ್ಬ್ಯಾಡ ಕಣ್ಲಾ. ನಿಂತೋ, ಸತ್ತೆ. ಬಾಯಿಗೆ ಬಂದಿದ್ದ ಹೇಳ್ತಾ ಹೋಗು, ಹಾರ್ಮೋನಿಯಂ ಮೇಷ್ಟ್ರು ದಾರಿ ಹಿಡಿಸ್ತಾರೆ. ಜನಕ್ಕೆ ಗೊತ್ತೇ ಆಗಕಿಲ್ಲ.”

“ನಾರ್ವೆಲಿ ಹಾರ್ಮೋನಿಯಂ ಮೇಷ್ಟ್ರು ಇರಲ್ಲ ಅಪ್ಪ” ಎಂದು ತಂಗಿ ನಯನಾ ಕಿಚಾಯಿಸಿದಳು.

ಅಪ್ಪನ ಮಾತು ಸುಳ್ಳಲ್ಲ. ಒಂದು ವರ್ಷ ಆಸ್ಥಾನದ ದೃಶ್ಯದಲ್ಲಿ ಅವರಿಗೆ ಮಾತು ಪೂರ್ತಿ ಮರೆತಿತ್ತು. ನಿಲ್ಲಲಿಲ್ಲ. ಹಿಂದಿನ ವಾರ ನಮ್ಮೂರ ಬಾಳೆ ತುಳಿದುಹೋದ ಕಾಡಾನೆಯನ್ನೇ ತಮ್ಮ ಸೈನ್ಯಕ್ಕೆ ಸೇರಿಸಿಕೊಂಡು, ಅದರ ದಂತ, ಅದರ ನಡೆ, ಅರಣ್ಯ ಇಲಾಖೆಯವರ ಪಟಾಕಿಗೂ ಅಂಜದ ಅದರ ಶೌರ್ಯ ಎಂದು ಹೊಗಳುತ್ತಲೇ ಹೋದರು. ಇಡೀ ನಾಟಕದಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಆ ಆನೆಗೆ.

ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ, ಅದೂ ಫೋನಿನ ಮಾತಿಗೆ ಸಾಲುವಷ್ಟು. ಮುಖ ತೋರಿಸಿ ಮಾತಾಡಲು ಸಾಲದು. ಹಾಗಾಗಿ ಸಕಲೇಶಪುರದ ಕಲೀಮಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಕೂರುವುದೆಂದು ತೀರ್ಮಾನವಾಯಿತು. ಕಲೀಮುಲ್ಲಾ ನಮ್ಮ ನಾಟಕಕ್ಕೆ ಪರದೆ, ಲೈಟು, ಮೈಕು ಎಲ್ಲ ಒದಗಿಸುವವನು, ಅಪ್ಪನ ಗೆಳೆಯ. ಹಿಂದೆ ಕಟ್ಟಲು ಅರಮನೆಯ ಪರದೆ ಕೊಡುತ್ತೇನೆ ಅಂದ. ಬರಿ ಬಿಳಿ ಬಟ್ಟೆ ಸಾಕು ಅಂದೆ. “ಸಪ್ಪೆ ಆಯ್ತದೆ ಡಾಕ್ಟ್ರೇ” ಎಂದು ಬೇಸರಪಟ್ಟ.

ಜನವರಿ ೨೪, ಶುಕ್ರವಾರ

ಯುದ್ಧ ಮುಗಿಯಿತು. ದುಂದುಭಿ ಮೊಳಗಲಿ!

ಆ ಕಡೆ ಮೂವರು. ನಡುವೆ ಇಂಗ್ರಿಡ್. ಬಿಳಿ ಕೂದಲು, ಕೈಯಲ್ಲಿ ದೊಡ್ಡದೊಂದು ಕಾಫಿ ಲೋಟ. ಈ ಕಡೆ ಬಿಳಿ ಬಟ್ಟೆಯ ಮುಂದೆ ನಾನು. ಸ್ಲೈಡುಗಳನ್ನು ನಾನು ತೋರಿಸಲಿಲ್ಲ, ಆಡಿದೆ. ದೋಣಿಗಲ್‌ನಿಂದ ಎಡಕುಮೇರಿಗೆ ಇಳಿಯುವ ಹಳಿ, ಅದರ ಸುರಂಗಗಳು, ಆಗಸ್ಟಿನ ಮಳೆ, ಜಾರುವ ಮಣ್ಣು, ಎಲ್ಲವನ್ನೂ ಅವರ ಕಣ್ಣ ಮುಂದೆ ತಂದು ನಿಲ್ಲಿಸಿದೆ.

ಕೊನೆಗೆ ಇಂಗ್ರಿಡ್ ಒಂದು ಪ್ರಶ್ನೆ ಕೇಳಿದರು. “ಮಳೆಮಾಪಕ ತುಂಬಿ ಚೆಲ್ಲಿದ ದಿನಗಳನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಂಡಿರಿ?”

ಪ್ರಶ್ನೆ ಇಷ್ಟೇ. ಮಳೆ ಅಳೆಯುವ ಡಬ್ಬಿಗೂ ಒಂದು ಮಿತಿ ಇರುತ್ತದೆ. ಅದು ತುಂಬಿ ಚೆಲ್ಲಿದರೆ ಮಾರನೆಯ ಬೆಳಿಗ್ಗೆ ಬರೆಯುವ ಅಂಕಿ ಡಬ್ಬಿಯ ಅಳತೆಯೇ ಹೊರತು ಮಳೆಯದ್ದಲ್ಲ. ಡಬ್ಬಿ ಚೆಲ್ಲುವುದು ಯಾವತ್ತು? ಅತಿ ದೊಡ್ಡ ಮಳೆಯ ದಿನವೇ. ನನ್ನ ಪ್ರಬಂಧ ಯಾವುದರ ಬಗ್ಗೆ? ಅತಿ ದೊಡ್ಡ ಮಳೆಯ ಬಗ್ಗೆ.

ಐದು ವರ್ಷದಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ನಿಲ್ಲಲಿಲ್ಲ, ಮಹಾಜನಗಳೇ, ಒಂದು ಉಸಿರಿನಷ್ಟೂ ನಿಲ್ಲಲಿಲ್ಲ! ಅಕ್ಕಪಕ್ಕದ ಎಸ್ಟೇಟುಗಳ ಅಂಕಿಗಳ ಜೊತೆ ಹೋಲಿಸಿ ಅಂಥ ದಿನಗಳನ್ನು ತಿದ್ದಿದ್ದೇವೆ, ವಿವರಗಳು ಪ್ರಬಂಧದ ಅನುಬಂಧದಲ್ಲಿವೆ ಎಂದು ನಿರರ್ಗಳವಾಗಿ ಹೇಳಿದೆ. ಇಂಗ್ರಿಡ್ ತಲೆಯಾಡಿಸಿ ಏನೋ ಬರೆದುಕೊಂಡರು.

ಲ್ಯಾಪ್‌ಟಾಪ್ ಮುಚ್ಚುವ ಮೊದಲೇ ಕಲೀಮಣ್ಣ ಬೆನ್ನು ತಟ್ಟಿದ. “ಆಯಮ್ಮ ಕೇಳಿದ್ದೇ ತಡ, ರಪ್ ಅಂತ ಹೇಳ್ಬುಟ್ರಿ. ಒಂದ್ ಕಡೆನೂ ತಡವರಿಸ್ಲಿಲ್ಲ ಮಾರಾಯ! ಇನ್ನು ಕೊಡ್ದೆ ಎಲ್ಲಿಗೋಗ್ತಾರೆ?”

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. “ಏನಾಯ್ತ್ಲಾ?”

“ಗೆದ್ದು ಬಂದೆ ತಂದೆಯೇ!” ಅಂದೆ, ನಾಟಕದ ದನಿಯಲ್ಲಿ. ಅವರ ಮುಖ ನೋಡಬೇಕಿತ್ತು.

ಅನುಬಂಧದಲ್ಲಿ ಅಂಥದ್ದೇನೂ ಇಲ್ಲ. ಇರಲಿ. ಅಷ್ಟು ದಪ್ಪದ ಪ್ರಬಂಧವನ್ನು ಯಾರು ಓದುತ್ತಾರೆ?

ಜನವರಿ ೩೦, ಗುರುವಾರ

ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಏರಿದೆ.

ಹಿಮದ ಬೆಟ್ಟ. ಬೆಟ್ಟದ ಮೇಲೆ ವಿಮಾನ. ನಡುವೆ ಕೋಟು, ಟೈ ತೊಟ್ಟ ಯಾರದೋ ಮೈ, ಅದರ ಮೇಲೆ ನನ್ನ ತಲೆ. ಕುತ್ತಿಗೆಯ ಬಳಿ ಬಣ್ಣ ಸ್ವಲ್ಪ ಹೊಂದಿಲ್ಲ. ‘ನಾರ್ವೆ ದೇಶಕ್ಕೆ ವಿಜ್ಞಾನಿಯಾಗಿ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಕುವರ ಡಾ. ಯೋಗೇಶ್ ಅವರಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ನಾಟಕ ಸಂಘದ ಹೆಸರು, ಎರಡೂ ಬದಿಗೆ ಊರಿನವರ ಸಣ್ಣ ಸಣ್ಣ ಫೋಟೋಗಳು. ಅಪ್ಪ ಕಿರೀಟ ಇಟ್ಟುಕೊಂಡೇ ಇದ್ದಾರೆ.

“ಕಲೀಮಣ್ಣ, ಇನ್ನೂ ಅವ್ರ ಉತ್ತರ ಬಂದಿಲ್ಲ” ಎಂದು ಫೋನಿನಲ್ಲಿ ಹೇಳಿದೆ.

“ಬತ್ತದೆ ಬುಡಿ! ನಾನೇ ಕಣ್ಣಾರೆ ನೋಡಿಲ್ವಾ? ಎಲೆಕ್ಷನ್‌ನಾಗೆ ಎಣಿಕೆಗೆ ಮುಂಚೆನೇ ಪ್ರಿಂಟ್ ಹಾಕ್ಸೋರು ಅವ್ರೆ. ಇದೇನ್ ಮಹಾ.”

ಇಳಿಸಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ಏನೋ ನೆಪ ಮಾಡಿಕೊಂಡು ಇನ್ನೊಂದು ಸಲ ಹೋಗಿ ನೋಡಿ ಬಂದೆ.

ಫೆಬ್ರವರಿ ೫, ಬುಧವಾರ

ನಾರ್ವೆಯ ಉತ್ತರ ಬಂತು. ಬೇರೆಯವರನ್ನು ಆರಿಸಿದ್ದಾರೆ.

ಅದಾದರೂ ಸಹಿಸಬಹುದಿತ್ತು. ಕೆಳಗೆ ಇಂಗ್ರಿಡ್ ತಾವೇ ನಾಲ್ಕು ಸಾಲು ಬರೆದಿದ್ದಾರೆ. ನಿಮ್ಮ ಉತ್ತರ ಕುತೂಹಲ ಹುಟ್ಟಿಸಿತು, ಹಾಗಾಗಿ ಪ್ರಬಂಧವನ್ನು ಅನುಬಂಧದ ಸಮೇತ ಪೂರ್ತಿ ಓದಿದೆ. ನೀವು ಹೇಳಿದ ತಿದ್ದುಪಡಿ ನನಗೆ ಅದರಲ್ಲಿ ಕಾಣಲಿಲ್ಲ. ಮುಂದೆ ಎಂದಾದರೂ ಅದನ್ನು ಮಾಡಿದರೆ ದಯವಿಟ್ಟು ನನಗೆ ಕಳಿಸಿ, ಓದಲು ಇಷ್ಟಪಡುತ್ತೇನೆ.

ಬೈದಿದ್ದರೆ ಆಗುತ್ತಿತ್ತು.

ಫೆಬ್ರವರಿ ೬, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಹೊರಗೆ ಹೋಗಲಿಲ್ಲ.

ಫೆಬ್ರವರಿ ೧೩, ಗುರುವಾರ

ಅವ್ವ ಹಾಸನದಿಂದ ಸ್ವೆಟರ್ ತಂದಿದ್ದಾಳೆ. ಕಡುಗೆಂಪು, ಕುತ್ತಿಗೆಯವರೆಗೆ ಮುಚ್ಚುವಂಥದ್ದು. ರೊಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ಅವಳು ಯಾವ ಕಾರಣಕ್ಕೂ ಎಸ್ಟೇಟಿನ ಕೆಲಸಕ್ಕೆ ರಜೆ ಹಾಕಿದವಳಲ್ಲ. ಇವತ್ತು ಹಾಕಿದ್ದಾಳೆ.

“ಹಾಕ್ಕೊಂಡು ನೋಡು. ಅಲ್ಲಿ ಥಂಡಿ ಜಾಸ್ತಿಯಂತೆ. ಟಿವಿನಾಗೆ ನೋಡ್ದೆ, ನಾಯಿಗಳೇ ಗಾಡಿ ಎಳಿತಾವೆ.”

ಹಾಕಿಕೊಂಡೆ. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಬೆವರು ಇಳಿಯಿತು. ಅವ್ವ ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ, ತೋಳು ಎಳೆದು ನೋಡಿದಳು.

“ಯಾಕ್ಲಾ, ಮುಖ ಹಿಂಗ್ ಮಾಡ್ತೀಯ? ಚುಚ್ತದಾ?”

“ಹ್ಞೂ, ಸ್ವಲ್ಪ” ಅಂದೆ.

“ಒಳಗೆ ಒಂದು ಬನೀನು ಹಾಕ್ಕೋ” ಅಂದಳು.

ನಯನಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. “ಅಣ್ಣ, ಟಿಕೆಟ್ ಯಾವತ್ತಿಗೆ ಬುಕ್ ಮಾಡ್ತಾರಂತೆ?” ವೀಸಾ ಆಗಬೇಕು, ಅದು ನಿಧಾನ ಅಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು! ಒಂದು ಉಸಿರಿನಷ್ಟೂ ತಡವಾಗಲಿಲ್ಲ.

ಫೆಬ್ರವರಿ ೧೬, ಭಾನುವಾರ

ಶಾಲೆಯ ಜಗಲಿಯಲ್ಲಿ ನಾಟಕದ ತಾಲೀಮು. ಹೋಗದಿದ್ದರೆ ಕೇಳುತ್ತಾರೆಂದು ಹೋದೆ. ನಾಟಕ ಮಾರ್ಚ್ ಎಂಟಕ್ಕೆ.

ನಮ್ಮ ಕಡೆ ಒಂದು ಪದ್ಧತಿ ಉಂಟು. ಪಾತ್ರಧಾರಿ ರಂಗಕ್ಕೆ ಬಂದೊಡನೆ ಅವನ ಕಡೆಯವರು ಮೆಟ್ಟಿಲೇರಿ ಹಾರ ಹಾಕುತ್ತಾರೆ. ರಾಜನೇ ಆಗಿರಲಿ, ಸಾಯುತ್ತಿರುವ ಸೈನಿಕನೇ ಆಗಿರಲಿ, ಕತೆ ಅಲ್ಲಿಗೇ ನಿಲ್ಲುತ್ತದೆ. ಹಾರ ಬಿದ್ದು ಫೋಟೋ ಆದ ಮೇಲೆ ಸೈನಿಕ ಮತ್ತೆ ಸಾಯಲು ತೊಡಗುತ್ತಾನೆ.

ಈ ಸಲ ಅದನ್ನು ತಿರುಗಿಸಿದ್ದಾರೆ. ಮೊದಲ ಅಂಕ, ಆಸ್ಥಾನದ ದೃಶ್ಯ. ಮಂತ್ರಿ ‘ಪ್ರಭೂ, ತಮ್ಮ ರಾಜ್ಯದ ಕೀರ್ತಿ ಏಳು ಸಮುದ್ರ ದಾಟಿದೆ’ ಎನ್ನುತ್ತಾನೆ. ಪ್ರಚಂಡಸೇನ ‘ಯಾರಾ ಕೀರ್ತಿವಂತ? ಕರೆತನ್ನಿ!’ ಎನ್ನುತ್ತಾನೆ. ಆಗ ನಾನು ಪ್ಯಾಂಟು ಶರ್ಟಿನಲ್ಲೇ ರಂಗಕ್ಕೆ ಬರಬೇಕು. ಮಹಾರಾಜನೇ ಸಿಂಹಾಸನದಿಂದ ಇಳಿದು ನನಗೆ ಹಾರ ಹಾಕುತ್ತಾನೆ. ಅಪ್ಪ ಇದಕ್ಕೆಂದೇ ಹೊಸ ಮಾತು ಬರೆಸಿ ಬಾಯಿಪಾಠ ಮಾಡಿದ್ದಾರೆ. ತಾಲೀಮಿನಲ್ಲೇ ಟವೆಲಿನಿಂದ ಕಣ್ಣೊರೆಸಿಕೊಂಡರು. ಮಂತ್ರಿ ಪಾತ್ರದ ಮಂಜುನಾಥ, “ಈಗ್ಲೇ ಅತ್ತರೆ ಬಣ್ಣ ಹಚ್ಚಿದ್ ಮ್ಯಾಲೆ ಏನ್ ಮಾಡ್ತೀಯ ಮಾವ?” ಎಂದು ನಕ್ಕ. ಎಲ್ಲರೂ ನಕ್ಕರು.

ನಾನೂ ನಕ್ಕೆ. ಆ ನಗು ನನಗೇ ಅಸಹ್ಯವಾಯಿತು.

ಹೇಳಬೇಕಾದದ್ದು ಇವತ್ತೇ ಆಗಿತ್ತು. ಅಲ್ಲ, ಸ್ವೆಟರಿನ ದಿನ. ಅಲ್ಲ, ಅದಕ್ಕೂ ಮುಂಚೆ.

ಫೆಬ್ರವರಿ ೨೨, ಶನಿವಾರ

ಮನೆಯಲ್ಲಿದ್ದರೆ ಸ್ವೆಟರ್, ಬಸ್ ಸ್ಟಾಪಿಗೆ ಹೋದರೆ ನನ್ನದೇ ತಲೆ. ನಯನಾಳ ಸ್ಕೂಟಿ ಹತ್ತಿ ದೋಣಿಗಲ್ ಕಡೆಯ ಎಸ್ಟೇಟಿಗೆ ಹೋದೆ. ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಶಿವಯ್ಯನವರು ಪ್ರಬಂಧದ ದಿನಗಳಿಂದ ಪರಿಚಯ. ಮಳೆಮಾಪಕ ತೋರಿಸಿ ಅಂದೆ. ಸ್ಟೋರಿನ ಮೂಲೆಯಿಂದ ತಂದುಕೊಟ್ಟರು. ಅದರೊಳಗಿನ ಬಾಟಲಿಗೆ ನಲ್ಲಿಯ ನೀರು ಅಳೆದು ಅಳೆದು ಹಾಕಿದೆ. ಎಲ್ಲಿ ತುಂಬುತ್ತದೆ, ಹೊರಗಿನ ಡಬ್ಬಿ ಎಷ್ಟು ಹಿಡಿಯುತ್ತದೆ, ಎಲ್ಲಿಂದ ಚೆಲ್ಲುತ್ತದೆ ಎಂದು ನೋಡಿದೆ.

“ತುಂಬಿ ಚೆಲ್ಲಿದ್ ದಿನ ಏನು ಬರೀತೀರಿ?”

“ಡಬ್ಬಿ ಹಿಡಿದಷ್ಟು ಬರಿತೀವಿ. ಇನ್ನೇನು, ನೆಲ ನೆಕ್ಕಿ ಅಳಿಬೇಕಾ?” ಅಂದರು. ಆಮೇಲೆ, “ನೀವು ನಾರ್ವೆಗೆ ಹೋಗೋರು, ಇಲ್ಲಿ ಕೂತು ಡಬ್ಬಿಗೆ ನೀರು ತುಂಬ್ತಾ ಇದೀರಲ್ಲ ಸಾರ್?”

ದೋಣಿಗಲ್‌ಗೂ ಸುದ್ದಿ ಮುಟ್ಟಿದೆ!

ಮನೆಗೆ ಬಂದು ಅಂಕಿಗಳನ್ನು ತೆರೆದೆ. ಪ್ರತಿ ಎಸ್ಟೇಟಿನ ದೊಡ್ಡ ಮಳೆಗಳೂ ಒಂದೇ ಅಂಕಿಗೆ ಬಂದು ನಿಂತಿವೆ, ಚಾವಣಿಗೆ ತಲೆ ತಾಗಿದ ಹಾಗೆ. ಐದು ವರ್ಷ ಅದನ್ನು ನೋಡಿದ್ದೇನೆ, ಕಂಡಿರಲಿಲ್ಲ. ಆ ದಿನಗಳಲ್ಲಿ ‘ಇಷ್ಟು ಮಳೆ’ ಎನ್ನುವ ಬದಲು ‘ಕನಿಷ್ಠ ಇಷ್ಟು, ಹೆಚ್ಚೂ ಇರಬಹುದು’ ಎಂದು ಇಟ್ಟುಕೊಂಡು ಲೆಕ್ಕ ಹಾಕುವ ವಿಧಾನ ಇದೆ. ಕಷ್ಟದ್ದೇನಲ್ಲ. ಒಂದು ಎಸ್ಟೇಟಿಗೆ ಹಾಕಿ ನೋಡಿದೆ. ನೂರು ವರ್ಷಕ್ಕೊಮ್ಮೆ ಬರುವ ಮಳೆ ಎಂದು ನಾನು ಪ್ರಬಂಧದಲ್ಲಿ ಬರೆದದ್ದು ಮೂವತ್ತು ವರ್ಷಕ್ಕೊಮ್ಮೆ ಬರುವಂತೆ ಕಾಣುತ್ತದೆ. ಹಾಗಿದ್ದರೆ ಹಳಿಯ ಮೇಲಿನ ಅಪಾಯವನ್ನೂ ಕಡಿಮೆ ಹೇಳಿದ್ದೇನೆ. ಎಡಕುಮೇರಿಯ ಕಡೆ ಮಳೆಯಲ್ಲಿ ಹಳಿ ಕಾಯುತ್ತ ನಡೆಯುವವರಿದ್ದಾರೆ.

ಅವ್ವ ಊಟಕ್ಕೆ ಕರೆದದ್ದು ಕೇಳಿಸಿರಲಿಲ್ಲ. ಬಂದು ತಟ್ಟೆ ಪಕ್ಕದಲ್ಲಿಟ್ಟು ಹೋಗಿದ್ದಾಳೆ. ಈಗ ನೋಡಿದೆ.

ಕಣದ ಮೂಲೆಗೆ ಹೋಗಿ ಇಂಗ್ರಿಡ್‌ಗೆ ಮೂರು ಸಾಲು ಬರೆದು ಕಳಿಸಿ ಬಂದೆ. ‘ನೀವು ಹೇಳಿದ್ದು ಸರಿ. ಆ ತಿದ್ದುಪಡಿ ನಾನು ಮಾಡಿರಲಿಲ್ಲ. ಮಾಡಿದ್ದೇನೆಂದು ಹೇಳಿದ್ದು ತಪ್ಪು.’ ಏನೂ ಹಗುರಾಗಲಿಲ್ಲ. ಅವರು ದೂರದವರು, ಹೇಳುವುದು ಸುಲಭ. ಹೇಳಬೇಕಾದವರು ಆಚೆ ಕೋಣೆಯಲ್ಲಿ ಹೊಸ ಮಾತನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಫೆಬ್ರವರಿ ೨೭, ಗುರುವಾರ

ಕಲೀಮಣ್ಣ ನಾಟಕದ ಲೈಟಿಗೆ ಜಾಗ ನೋಡಲು ಬಂದಿದ್ದ. ಇವನಿಗೆ ಹೇಳೋಣ, ಇವನಿಂದ ಅಪ್ಪನಿಗೆ ತಲುಪಲಿ ಎಂದುಕೊಂಡೆ. ಹೇಡಿತನ. ಗೊತ್ತು.

“ಕಲೀಮಣ್ಣ, ಆ ಫ್ಲೆಕ್ಸ್ ಇಳಿಸಬೌದಾ?”

“ಯಾಕೆ? ಕುತ್ತಿಗೆ ಸರಿ ಕೂತಿಲ್ಲ ಅಂತಾನಾ? ನಮ್ಮಂಗ್ಡಿ ಹುಡ್ಗ ಅಮ್ಜದ್‌ಗೆ ಹೇಳಿದ್ದೆ, ಬಣ್ಣ ಹೊಂದ್ಸೋ ಅಂತ.”

“ಅದಲ್ಲ...”

“ನೋಡಿ, ಕಟ್ಟೋದು ನನ್ ಕೆಲ್ಸ. ಬಿಚ್ಚೋದು ನಿಮ್ ಕೆಲ್ಸ. ಇಪ್ಪತ್ತೈದು ವರ್ಷದಾಗೆ ಯಾರೂ ಬಿಚ್ಚಿಲ್ಲ ಬಿಡಿ, ಗಾಳಿ ಬಿಚ್ಚಬೇಕು, ಇಲ್ಲ ಹಸ ತಿನ್ನಬೇಕು.” ನಗುತ್ತ ಹೊರಟವನು ತಿರುಗಿ ನಿಂತ. “ನಿಮ್ಮಪ್ಪ ನನ್ನಂಗಡಿಗೆ ಬಂದು, ಅದು ಪ್ರಿಂಟ್ ಆಗೋವರ್ಗೂ ಮಷಿನ್ ಮುಂದೆ ಟೀ ಹಿಡ್ಕೊಂಡು ಕೂತಿದ್ರು. ಮಷಿನ್‌ನಿಂದ ತಲೆ ಬಂತು, ಕೈ ಬಂತು, ಹಂಗೇ ನೋಡ್ತಾ ಇದ್ರು. ನಂಗೂ ಮಗಳು ಅಫ್ಶಾನ್ ಐತಲ್ಲ, ಹೋದೊರ್ಷ ಡಿಗ್ರಿ ಮುಗಿಸ್ತು. ಅದಕ್ಕೂ ಒಂದು ಹಿಂಗೇ ಹಾಕ್ಬೇಕು.”

“ಹಾಕಿ ಕಲೀಮಣ್ಣ” ಅಂದೆ.

ಮಾರ್ಚ್ ೫, ಬುಧವಾರ

ಪುಣೆಯ ಒಂದು ಸಂಶೋಧನಾ ತಂಡಕ್ಕೆ ಹಿಂದೆಯೇ ಹಾಕಿದ್ದ ಅರ್ಜಿ. ಇಂದು ಫೋನಿನಲ್ಲೇ ಸಂದರ್ಶನ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸಿಗ್ನಲ್‌ಗಾಗಿ ಕಣದ ಮೂಲೆಗೆ ಹೋದೆ. ಪಕ್ಕದಲ್ಲೇ ಅವ್ವ ಕಾಫಿ ಮೂಟೆಗೆ ಒರಗಿ ನಿದ್ದೆ ಹೋಗಿದ್ದಳು. ಬೆಳಿಗ್ಗೆಯಿಂದ ಎಸ್ಟೇಟಿನಲ್ಲಿ ಕೊಯ್ದು ಬಂದವಳು. ಎಬ್ಬಿಸಲು ಮನಸ್ಸಾಗಲಿಲ್ಲ. ಫೋನನ್ನು ಬಾಯಿಗೆ ಒತ್ತಿಕೊಂಡು ಪಿಸುಮಾತಿನಲ್ಲೇ ಮಾತಾಡಿದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

ಈ ಸಲವೂ ಕೆಡಿಸಿಕೊಂಡೆ. ಆ ಕಡೆಯ ಹಿರಿಯರು ಮೊದಲ ಪ್ರಶ್ನೆಯಲ್ಲೇ, ನಿಮ್ಮ ಪ್ರಬಂಧದ ದೊಡ್ಡ ಫಲಿತಾಂಶ ಎಷ್ಟು ನಂಬಬಹುದು ಎಂದರು. ನಂಬಲಾಗದು ಅಂದೆ. ಮಾಪಕ ಚೆಲ್ಲಿದ ದಿನಗಳನ್ನು ನಾನು ಗಮನಿಸಿಯೇ ಇರಲಿಲ್ಲ, ಈಗ ತಿದ್ದುತ್ತಿದ್ದೇನೆ ಅಂದೆ. ಚೆಲ್ಲಿದ ನೀರು ಒಟ್ಟು ಎಷ್ಟಿರಬಹುದು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಆ ಕಡೆ ಮೌನ. ಈ ಕಡೆಯೂ ಮೌನ. ರಂಗದ ಮೇಲೆ ಅಷ್ಟು ಹೊತ್ತು ಮೌನವಾದರೆ ಜನ ಚಪ್ಪಲಿ ಎಸೆಯುತ್ತಾರೆ. ನನ್ನ ಬಾಯಿಗೆ ಹತ್ತು ಉತ್ತರ ಬಂದವು. ಯಾವುದನ್ನೂ ಆಡಲಿಲ್ಲ. ಅವ್ವ ನಿದ್ದೆಯಲ್ಲಿ ಮಗ್ಗುಲಾದಳು.

ಆಮೇಲೆ ಅವರು ಅದನ್ನೇ ಹಿಡಿದು ಕೂತರು. ಡಬ್ಬಿ ಎಷ್ಟು ಹಿಡಿಯುತ್ತದೆ, ನೀವೇ ಅಳೆದಿರಾ, ಎಷ್ಟು ಎಸ್ಟೇಟು, ಹಳಿಯ ಮೇಲೆ ಮಣ್ಣು ಬಿದ್ದ ದಿನಗಳ ಜೊತೆ ತಾಳೆ ನೋಡಿದಿರಾ. ಅರ್ಧ ಗಂಟೆಯದ್ದು ಒಂದು ಗಂಟೆ ದಾಟಿತು. ಪ್ರಬಂಧದ ಉಳಿದ ಭಾಗಗಳನ್ನು ಕೇಳಲೇ ಇಲ್ಲ. ಮುಗಿಸುವಾಗ, ಆ ಲೆಕ್ಕವನ್ನು ಎರಡು ಪುಟದಲ್ಲಿ ಬರೆದು ಕಳಿಸಿ ಅಂದರು. ಸುಮ್ಮನೆ ಮರ್ಯಾದೆಗೆ ಹೇಳಿದ್ದಿರಬೇಕು.

ಶನಿವಾರ ನಾಟಕ.

ಮಾರ್ಚ್ ೯, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ಬಣ್ಣದ ಮನೆಗೆ ಎರಡು ಸಲ ಹೋದೆ, ಅಪ್ಪನಿಗೆ ಹೇಳಲು. ಮೊದಲ ಸಲ ಮೀಸೆ ಅಂಟಿಸುತ್ತಿದ್ದರು, ತುಟಿ ಅಲುಗಿಸುವಂತಿರಲಿಲ್ಲ. ಎರಡನೆಯ ಸಲ ಕಿರೀಟ ಇಟ್ಟಾಗಿತ್ತು. ಕಿರೀಟ ಇಟ್ಟ ಮೇಲೆ ಅವರು ಯಾರ ಮಾತನ್ನೂ ಕೇಳುವುದಿಲ್ಲ.

ಮೊದಲ ಅಂಕ. ಮಂತ್ರಿ ಹೇಳಬೇಕಾದದ್ದು ಹೇಳಿದ. ಅಪ್ಪ, “ಯಾರಾ ಕೀರ್ತಿವಂತ? ಕರೆತನ್ನಿ!” ಎಂದು ಗುಡುಗಿದರು. ನಾನು ಮೆಟ್ಟಿಲು ಹತ್ತಿದೆ. ಕಲೀಮಣ್ಣ ಹಸಿರು ಲೈಟು ಬಿಟ್ಟ, ಆಮೇಲೆ ಕೆಂಪು. ಶಾಲೆಯ ಬಯಲು ತುಂಬ ಜನ. ಮುಂದಿನ ಸಾಲಿನಲ್ಲಿ ಅವ್ವ, ನಯನಾ.

ಅಪ್ಪ ಹಾರ ಹಿಡಿದು ಇಳಿದು ಬಂದರು. ಹಾರ ತಲೆಯವರೆಗೆ ಬಂದಾಗ ಮೈಕಿನ ಕಡೆ ತಿರುಗಿ ಹೇಳಿಬಿಟ್ಟೆ. “ಮಹಾಪ್ರಭೂ! ಈ ಹಾರಕ್ಕೆ ನಾನು ಅರ್ಹನಲ್ಲ! ನಾರ್ವೆ ನನ್ನನ್ನು ಆರಿಸಲಿಲ್ಲ! ನಾನು ಸೋತು ಬಂದವನು!”

ಮೈಕಿನ ಮುಂದೆ ನಿಂತರೆ ನನ್ನ ಬಾಯಿಂದ ಬೇರೆ ಭಾಷೆ ಹೊರಡುವುದಿಲ್ಲ. ನಾಟಕದ ದನಿಯೇ ಬಂತು, ನಾಟಕದ ಮಾತೇ ಬಂತು. ಆಮೇಲೆ ಶಿಳ್ಳೆ. ಚಪ್ಪಾಳೆ. “ಅಪ್ಪನ ಮಗ ಕಣ್ಲಾ!” ಎಂದು ಟ್ರ್ಯಾಕ್ಟರ್ ಮೇಲಿನಿಂದ ಯಾರೋ ಕೂಗಿದರು. ಜನ ಅದನ್ನು ವಿನಯದ ಡೈಲಾಗು ಎಂದುಕೊಂಡರು. ಹಾರ್ಮೋನಿಯಂ ಮೇಷ್ಟ್ರು ಕರುಣರಸದ ರಾಗ ಎಳೆದೇಬಿಟ್ಟರು.

ಅಪ್ಪ ಮಾತ್ರ ನಿಂತುಬಿಟ್ಟರು.

ನನ್ನ ಮುಖ ನೋಡುತ್ತ, ಹಾರ ಹಿಡಿದ ಕೈ ಮೇಲಿದ್ದಂತೆಯೇ ನಿಂತರು. ಮುಂದಿನ ಮಾತು ಬರಲಿಲ್ಲ. ಆನೆಯೂ ಬರಲಿಲ್ಲ. ಮಂಜುನಾಥ ಪಕ್ಕದಿಂದ “ಮಾವ, ಎಲೈ ವತ್ಸ, ಎಲೈ ವತ್ಸ” ಎಂದು ಎತ್ತಿಕೊಡುತ್ತಿದ್ದ. ಮೇಷ್ಟ್ರು ರಾಗವನ್ನು ಇನ್ನೊಂದು ಸುತ್ತು ತಿರುಗಿಸಿದರು. ಕೊನೆಗೆ ಅಪ್ಪ ಹಾರವನ್ನು ನನ್ನ ಕೊರಳಿಗೆ ಹಾಕಿದರು. ತಿರುಗಿ ಹೋಗಿ ಸಿಂಹಾಸನದ ಮೇಲೆ ಕೂತರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಮಗನ ಮೇಲಿನ ಅಭಿಮಾನ ಉಕ್ಕಿಬಂತು ಎಂದುಕೊಂಡರು.

ಇವತ್ತು ಬೆಳಿಗ್ಗೆ ಅಪ್ಪ ಹಿತ್ತಿಲ ಕಲ್ಲಿನ ಮೇಲೆ ಕೂತು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ತೆಗೆಯುತ್ತಿದ್ದರು. ಅರ್ಧ ಮುಖ ರಾಜ, ಅರ್ಧ ಮುಖ ಅಪ್ಪ. ಹೋಗಿ ಎದುರು ನಿಂತೆ.

“ಯಾವತ್ತು ಗೊತ್ತಾಯ್ತು ನಿಂಗೆ?”

“ತಿಂಗಳಾಯ್ತು ಅಪ್ಪ.”

ಬಟ್ಟೆಯಿಂದ ಕೆನ್ನೆ ಒರೆಸಿಕೊಂಡರು. “ನಾಟಕದಾಗೆ ಸುಳ್ಳು ಹೇಳ್ತೀನಿ. ನಾನು ರಾಜ ಅಲ್ಲ ಅಂತ ನೋಡೋರ್ಗೆಲ್ಲ ಗೊತ್ತಿರ್ತೈತೆ, ಅದಕ್ಕೇ ಹೇಳ್ತೀನಿ.” ಇನ್ನೊಂದು ಕೆನ್ನೆಗೆ ಎಣ್ಣೆ ಹಚ್ಚಿದರು. “ತಿಂಗಳಿಂದ ಎಸ್ಟೇಟ್‌ನಾಗೆ, ಟೀ ಅಂಗಡಿನಾಗೆ, ಬಸ್ಸಿನಾಗೆ, ಸಿಕ್ ಸಿಕ್ಕೋರ್ಗೆಲ್ಲ ಹೇಳ್ಕೊಂಡ್ ಬಂದೆ. ನಂಬೋರ್ ಮುಂದೆ ನನ್ ಬಾಯಾಗೆ ಸುಳ್ಳು ಆಡಿಸ್ಬುಟ್ಟೆಯಲ್ಲೋ.”

ಕೆಲಸ ಸಿಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ತಪ್ಪಾಯ್ತು ಅಂದೆ. ಇನ್ನೂ ಏನೇನೋ ಹೇಳಬೇಕೆಂದುಕೊಂಡಿದ್ದೆ, ಅಷ್ಟೇ ಬಂತು.

ಅವ್ವ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಆಕಾಶ ನೋಡಿದಳು. ಬಿಸಿಲೆ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. “ನಾಳೆ ನಾಡಿದ್ದು ಕಾಫಿ ಹೂ ಅರಳ್ಸೋ ಹೂಮಳೆ ಬರಂಗೈತೆ. ಕಣದಾಗೆ ನಮ್ ಕಾಫಿ ಹಂಗೇ ಬಿದ್ದೈತೆ, ಮುಚ್ಚಾಕೆ ಟಾರ್ಪಾಲ್ ಸಾಲಕಿಲ್ಲ. ಆ ಫ್ಲೆಕ್ಸ್ ಒಳ್ಳೆ ದಪ್ಪ ಐತೆ. ಬಿಚ್ಚೋದಾದ್ರೆ ಹರೀದಂಗೆ ಬಿಚ್ಚು” ಅಂದಳು. ಒಳಗೆ ಹೋಗುತ್ತ, “ಸ್ವೆಟರ್ ಇರ್ಲಿ. ಹಾಸನದಾಗೂ ಡಿಸೆಂಬರ್‌ನಾಗೆ ಥಂಡಿನೇ” ಅಂದಳು.

ಅಪ್ಪ ಏಳುವಾಗ ಇಷ್ಟೇ ಹೇಳಿದರು. “ಏಣಿ ನಾಟಕದ ಸಂಘದ್ದು. ಕೇಳಿ ತಗೊಂಡೋಗು. ಯಾಕೆ ಅಂತ ಅವ್ರು ಕೇಳ್ತಾರೆ.”

ಕೇಳಲಿ.

ಪುಣೆಗೆ ಕಳಿಸಬೇಕಾದ ಎರಡು ಪುಟ ಇನ್ನೂ ಮುಗಿದಿಲ್ಲ. ಒಂದು ಕಡೆ ಗೊತ್ತಿಲ್ಲ ಎಂದು ಬರೆಯಬೇಕಾಗಿದೆ, ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೇನೆ. ಮಳೆ ಬಂದರೆ ಕಣದ ಮೂಲೆಯಲ್ಲಿ ಒಂದು ದೊಡ್ಡ ಡಬ್ಬಿ ಇಟ್ಟು ನೋಡಬೇಕು.

ನಾಳೆ ಬೆಳಿಗ್ಗೆ ಮಂಜುನಾಥನ ಮನೆಗೆ ಹೋಗಿ ಸಂಘದ ಏಣಿ ಕೇಳುತ್ತೇನೆ, ಯಾಕೆ ಎಂದು ಕೇಳಿದರೆ ಕಾರಣ ಹೇಳುತ್ತೇನೆ. ಮೊದಲ ಬಸ್ಸಿಗೆ ಎಲ್ಲರೂ ಬಂದು ನಿಂತಿರುವಾಗಲೇ ಮೇಲೆ ಹತ್ತಿ, ನಾಲ್ಕು ಮೂಲೆಯ ಗಂಟು ಹರಿಯದಂತೆ ಬಿಚ್ಚುತ್ತೇನೆ. ಕೇಳಿದವರಿಗೆ ಕೇಳಿದಷ್ಟು, ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳಿಸುವ ದನಿಯಲ್ಲಿ ಹೇಳುತ್ತೇನೆ. ಆಮೇಲೆ ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು ತಂದು, ಚಿತ್ರ ಕೆಳಗೆ ಮಾಡಿ, ಕಾಫಿಯ ಮೇಲೆ ಹೊದಿಸುತ್ತೇನೆ.